ಅಪ್ಪನ ಬಾಯ್ಲರ್ ಸೂಟು: ಹಳೇದು, ರೆಡಿಮೇಡು, ಹೊಲಿಸಿದ್ದು

ಅವ್ವನ ಕೌದಿಯಲ್ಲಿ ಅಂಗೈ ಅಗಲದ ಒಂದು ನೀಲಿ ತುಂಡಿದೆ. ಅಪ್ಪ ಗ್ಯಾರೇಜಿಗೆ ಹಾಕಿಕೊಂಡು ಹೋಗುತ್ತಿದ್ದ, ಅಂಗಿ ಪ್ಯಾಂಟು ಒಂದೇ ಆಗಿ ಹೊಲಿದ ಬಾಯ್ಲರ್ ಸೂಟಿನಲ್ಲಿ ಉಳಿದದ್ದು ಅಷ್ಟೇ. ಜೊತೆಗೆ 1978ರ ಒಂದು ಕಪ್ಪು ಬಿಳುಪು ಫೋಟೊ. ಬಾನೆಟ್ ಎತ್ತಿದ ಫಿಯಟ್, ಪಕ್ಕದಲ್ಲಿ ಅಪ್ಪ, ಕೈಯಲ್ಲಿ ಪಾನಾ.

ಈ ಸಲ ದಸರೆಯ ಖಂಡೇ ಪೂಜೆಗೆ (ಆಯುಧ ಪೂಜೆ) ನಮ್ಮ 1976ರ ಪದ್ಮಿನಿ ಕಾರಿನ ಪಕ್ಕ ಅದೇ ಡ್ರೆಸ್ಸಿನಲ್ಲಿ ನಿಲ್ಲಬೇಕು ಅಂತ ನನ್ನ ಆಸೆ. ಸೊಲ್ಲಾಪುರದವರಿಗೆ ಆ ಗಾಡಿ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಅದನ್ನು ತಯಾರಿಸಿದ ಪ್ರೀಮಿಯರ್ ಕಂಪನಿಯನ್ನು 1944ರಲ್ಲಿ ಶುರು ಮಾಡಿದ ವಾಲಚಂದ ಹಿರಾಚಂದರು ಹುಟ್ಟಿದ್ದು ನಮ್ಮೂರಲ್ಲೇ. ಕಾರ್ಖಾನೆ ಮಾತ್ರ ಮುಂಬೈಯ ಕುರ್ಲಾದಲ್ಲಿತ್ತು. 1974ರಿಂದ ಗಾಡಿಗೆ ಪದ್ಮಿನಿ ಅಂತ ಹೆಸರು ಬಂದರೂ ನಮ್ಮ ಗ್ಯಾರೇಜುಗಳಲ್ಲಿ ಕೊನೇವರೆಗೂ ಅದು ಫಿಯಟ್ಟೇ. ಅದರ ಬಿಡಿಭಾಗ ಹುಡುಕಿದರೆ ಇವತ್ತಿಗೂ ಸಿಗುತ್ತವೆ. ಅದನ್ನು ರಿಪೇರಿ ಮಾಡಿದವರ ಬಟ್ಟೆ ಯಾರೂ ಎತ್ತಿಟ್ಟಿಲ್ಲ. ಹರಿಯುವ ತನಕ ಹಾಕಿದರು, ಆಮೇಲೆ ಆಯಿಲ್ ಒರೆಸಿದರು, ಮುಗೀತು.

ಮೊದಲು ನಿಜವಾದ ಹಳೇದನ್ನೇ ಹುಡುಕಿದೆ. ಮುಂಬೈಯ ಒಂದು ಹಳೇ ಬಟ್ಟೆ ಅಂಗಡಿಯಲ್ಲಿ 1,600 ರೂಪಾಯಿಗೆ ಒಂದು ಸಿಕ್ಕಿತು. ಎಪ್ಪತ್ತರ ದಶಕದ್ದು ಅಂತ ಹೇಳಿ ಕೊಟ್ಟರು. ಬಣ್ಣ ಮಾಸಿತ್ತು, ಮೊಣಕಾಲಿಗೆ ತೇಪೆ ಇತ್ತು, ನೋಡಿದ ಕೂಡಲೇ ಮನಸ್ಸು ಸೋತಿತು. ಮನೆಗೆ ತಂದು ಕೌದಿಯ ಪಕ್ಕ ಇಟ್ಟೆ. ಆಗ ಅನುಮಾನ ಬಂತು. ಒಳ ಹೊಲಿಗೆಯ ಅಂಚಿನ ಬಟ್ಟೆಯಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸಿದೆ. ಹತ್ತಿ ಎಳೆ ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ತಿಕ್ಕಿದರೆ ಮೆತ್ತನೆ ಬೂದಿ. ಇದು ಕರಗಿ ಕರೀ ಮಣಿಯಾಗಿ ಗಟ್ಟಿಯಾಯಿತು. ಪಾಲಿಯೆಸ್ಟರ್ ಬೆರೆತಿದೆ ಅಂತ ಅರ್ಥ. ಅಪ್ಪನ ತುಂಡಿನ ಎಳೆ ಪೂರಾ ಬೂದಿ ಆಗಿತ್ತು. ಜಿಪ್ಪೂ ನೈಲಾನಿನದು. ಎಪ್ಪತ್ತರ ದಶಕದ್ದೋ ಅಲ್ಲವೋ, ಅಪ್ಪನ ಸೂಟಿನ ಜಾತಿಯದಂತೂ ಅಲ್ಲ. ಭುಜವೂ ನನಗೆ ಬಿಗಿ. ಹಳೇದು ಕೊಳ್ಳುವವರು ಒಂದು ಎಳೆ ಸುಟ್ಟು ನೋಡದೆ ದುಡ್ಡು ಕೊಡಬೇಡಿ.

ಎರಡನೇದು ರೆಡಿಮೇಡ್. ಯೂನಿಫಾರ್ಮ್ ಹೊಲಿಯುವ ಕೆಲಸಕ್ಕೆ ಸೊಲ್ಲಾಪುರ ಹೆಸರಾದ ಊರು. ಹಾಗಾಗಿ ಹುಡುಕುವ ಶ್ರಮವೇ ಇರಲಿಲ್ಲ. 850 ರೂಪಾಯಿ. ಪಾಲಿಯೆಸ್ಟರ್ 65, ಹತ್ತಿ 35, ಸೊಂಟದ ಹಿಂದೆ ಎಲಾಸ್ಟಿಕ್, ಮುಂದೆ ಜಿಪ್ಪು. ಒಗೆದು ಹಾಕಿದರೆ ಎರಡು ತಾಸಿನಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ. ಗಾಡಿ ಕೆಳಗೆ ಮಲಗಿ ಕೆಲಸ ಮಾಡಲು ನಾನು ಈಗ ದಿನಾ ಹಾಕುವುದು ಇದನ್ನೇ. ಆದರೆ ಏಪ್ರಿಲ್ ಬಿಸಿಲಲ್ಲಿ ಬೆನ್ನು ಬೇಯುತ್ತದೆ. ಒಂದು ದಿನ ಗ್ರೈಂಡರ್ ಕಿಡಿ ಬಿದ್ದು ತೋಳಲ್ಲಿ ಸಣ್ಣ ತೂತುಗಳಾದವು. ಅಂಚೆಲ್ಲ ಕರಗಿ ಗಟ್ಟಿಯಾಗಿತ್ತು. ವೆಲ್ಡಿಂಗ್ ಹತ್ತಿರ ಇದನ್ನು ಹಾಕಬಾರದು. ಬಣ್ಣವೂ ಕಣ್ಣಿಗೆ ಹೊಡೆಯುವ ನೀಲಿ, ಎಷ್ಟು ಒಗೆದರೂ ಮಾಸುವುದಿಲ್ಲ.

ಕೊನೆಗೆ ಹೊಲಿಸಿದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಕೌದಿಯ ತುಂಡಿನ ಅಂಚಿನ ಹೊಲಿಗೆ ಎರಡು ಇಂಚು ಬಿಚ್ಚಲು ಅವ್ವ ಒಪ್ಪಿದಳು. ಮಡಿಕೆಯ ಒಳಗೆ ಬಿಸಿಲು ತಾಗದ ಜಾಗ ಕಂಡಿತು. ಮೇಲೆ ಆಕಾಶದ ಬಣ್ಣ, ಒಳಗೆ ಕಡು ನೀಲಿ. ಭೂತಗನ್ನಡಿ ಹಿಡಿದರೆ ನೂಲು ಓರೆ ಓರೆಯಾಗಿ ಗೆರೆ ಕಟ್ಟಿತ್ತು. ಅದು ಡ್ರಿಲ್ ಅನ್ನುವ ಗಟ್ಟಿ ಬಟ್ಟೆ. ತುಂಡು ಹಿಡಿದುಕೊಂಡೇ ಬಟ್ಟೆ ಅಂಗಡಿ ಸುತ್ತಿದೆ. 58 ಇಂಚು ಪನ್ನಾ (ಅಗಲ) ಇರುವ ಹತ್ತಿ ಡ್ರಿಲ್ ಮೂರೂವರೆ ಮೀಟರ್, ಮೀಟರಿಗೆ 240. ಅಂಚಿನ ಮೇಲೆ ಸ್ಯಾನ್‌ಫರೈಸ್ಡ್ ಅಂತ ಅಚ್ಚಿದ್ದರೆ ಮಿಲ್ಲಿನಲ್ಲೇ ಕುಗ್ಗಿಸಿರುತ್ತಾರೆ. ಇದರ ಮೇಲೆ ಇರಲಿಲ್ಲ. ರಾತ್ರಿ ನೆನೆಹಾಕಿ ಒಣಗಿಸುವುದನ್ನು ಎರಡು ಸಲ ಮಾಡಿದೆ. ಮೀಟರಿಗೆ 5 ಸೆಂಟಿಮೀಟರ್ ಕುಗ್ಗಿತು. ನೆನೆಸದೆ ಕತ್ತರಿ ಹಾಕಿಸಿದ್ದರೆ ಎಲ್ಲ ಹಾಳು.

ನಮ್ಮ ಟೇಲರ್ ಮಾಮಾ ಫೋಟೊವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದರಾಗ ಗುಂಡಿನ ಕಾಣಂಗಿಲ್ಲಲ್ಲೋ" ಅಂದರು. ಹೌದು, ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಗುಂಡಿಗಳ ಮೇಲೆ ಪಟ್ಟಿ ಮುಚ್ಚಿದೆ. ಮಡ್‌ಗಾರ್ಡ್ ಮೇಲೆ ಬಗ್ಗಿದಾಗ ಗುಂಡಿ ತಾಗಿದರೆ ಗಾಡಿಯ ಪೇಂಟಿಗೆ ಗೀರು ಬೀಳುತ್ತದೆ. ಅದಕ್ಕೇ ಮುಚ್ಚುಪಟ್ಟಿ. ಸೊಂಟಕ್ಕೆ ಬಕಲ್ ಇಲ್ಲದಿರುವುದೂ ಅದಕ್ಕೇ ಇರಬೇಕು. ಬೇರೆಯವರ ಗಾಡಿಯ ಪೇಂಟು ಉಳಿಸಲು ಇಷ್ಟು ಯೋಚಿಸಿ ಹೊಲಿದಿದ್ದಾರೆ ಅಂತ ತಿಳಿದಾಗ ನನಗೆ ಆ ಬಟ್ಟೆ ಮೇಲೆ ಗೌರವ ಇನ್ನೂ ಹೆಚ್ಚಿತು.

ಒಂದು ತಪ್ಪಾಯಿತು. ಅಂಗಿ, ಪ್ಯಾಂಟಿನ ಅಳತೆ ಬೇರೆ ಬೇರೆ ತೆಗೆದು ಜೋಡಿಸಿದೆವು. ಕಚ್ಚಾ ಹೊಲಿಗೆಯಲ್ಲಿ ಹಾಕಿ ನೋಡಿದಾಗ ನಿಂತರೆ ಸರಿ, ಕುಕ್ಕರಗಾಲಲ್ಲಿ ಕೂತರೆ ತೊಡೆ ಸಂದಿಯಲ್ಲಿ ಎಳೆಯಿತು. ಇಡೀ ಸೂಟಿಗೆ ಬೇಕಾದ ಅಳತೆಯೇ ಬೇರೆ. ಭುಜದಿಂದ ಟೇಪು ಇಳಿಸಿ, ಕಾಲ ಸಂದಿನಲ್ಲಿ ಹಾಯಿಸಿ, ಬೆನ್ನ ಮೇಲಿಂದ ಮತ್ತೆ ಅದೇ ಭುಜಕ್ಕೆ ತರಬೇಕು. ನನಗೆ 66 ಇಂಚು ಬಂತು. ಅದಕ್ಕೆ ನಾಲ್ಕು ಇಂಚು ಸಡಿಲ ಕೂಡಿಸಬೇಕು. ಮಾಮಾ ಸೊಂಟದಲ್ಲಿ ಬಿಚ್ಚಿ ಒಂದು ಅಡ್ಡಪಟ್ಟಿ ಕೊಟ್ಟರು. ಆಮೇಲೆ ಫೋಟೊ ನೋಡಿದರೆ ಅಪ್ಪನದರಲ್ಲೂ ಅಲ್ಲೇ ಪಟ್ಟಿ ಇದೆ! ಹಿಂದೆ ಜೋತುಬಿದ್ದಂತೆ ಕಾಣುವ ಆ ಸಡಿಲವನ್ನು ನಾನು ದೊಡ್ಡ ಸೈಜು ಅಂದುಕೊಂಡಿದ್ದೆ.

ಹೊಲಿಗೆ 900, ಗುಂಡಿ ದಾರ 40, ಬಟ್ಟೆ ಸೇರಿ ಒಟ್ಟು 1,780. ರೆಡಿಮೇಡಿಗಿಂತ ದುಪ್ಪಟ್ಟು, ಆ ಹಳೇ ಸೂಟಿಗಿಂತ ಸ್ವಲ್ಪ ಜಾಸ್ತಿ. ಕೆಲಸಕ್ಕೆ ಬೇಕಾದರೆ ಸುಮ್ನೆ ರೆಡಿಮೇಡ್ ತೊಗೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೇ ಮಿಸ್ತ್ರಿಗಳ ಡ್ರೆಸ್ಸೇ ಬೇಕು ಅನ್ನುವವರು ಹೊಲಿಸಿ. ಬಟ್ಟೆ ಹೊಸದಾದರೂ ಕಟಿಂಗ್ ಸರಿ ಬಂದರೆ ಮೈ ತಾನಾಗೇ ಆ ಕಾಲದವರ ಹಾಗೆ ಬಗ್ಗುತ್ತದೆ. ಹಳೇದಾಗಿ ಕಾಣಲಿ ಅಂತ ಬ್ಲೀಚ್ ಮಾತ್ರ ಹಾಕಬೇಡಿ, ನೂಲು ಸಾಯುತ್ತದೆ. ನಾನು ವಾರಕ್ಕೊಮ್ಮೆ ಒಗೆದು ಮಾಳಿಗೆ ಮೇಲೆ ಬಿಸಿಲಿಗೆ ಹಾಕುತ್ತಿದ್ದೇನೆ. ಮೊಣಕೈ ಹತ್ತಿರ ಬಣ್ಣ ಇಳಿಯಲು ಶುರುವಾಗಿದೆ.

ಉಳಿದ ಡ್ರಿಲ್ ತುಂಡನ್ನು ಕೌದಿಗೆ ಅಂತ ಅವ್ವನಿಗೆ ಕೊಟ್ಟೆ. ಬೆರಳಲ್ಲಿ ಹೊಸಕಿ ನೋಡಿ ವಾಪಸ್ ಕೊಟ್ಟಳು. "ಭಾಳ ಬಿರುಸೈತಿ, ಸೂಜಿ ಇಳೆಂಗಿಲ್ಲ. ಇನ್ನ ನಾಕ್ ಸಲ ಒಕ್ಕೊಂಡು ಬಾ."