ಟ್ರ್ಯಾಕಿಗೆ ಸೈ, ಬಳ್ಳಾರಿ ಬಿಸಿಲಿಗೆ ಅಲ್ಲ
ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಕಡೆ ಟ್ರ್ಯಾಕ್ ಡೇಗೆ (ರೇಸ್ ಟ್ರ್ಯಾಕ್‌ನಾಗ ನಮ್ಮ ಬೈಕ್ ನಾವೇ ಓಡಿಸೋ ದಿನ) ಹೋಗೋರಿಗೆ ಗಿಡ್ಡ ಗ್ಲೌಸ್ ಸಾಲಂಗಿಲ್ರಿ, ಮಣಿಕಟ್ಟು ದಾಟಿ ಸೂಟಿನ ತೋಳಿನ ಮ್ಯಾಲೆ ಕೂಡೋ ಫುಲ್ ಗಾಂಟ್ಲೆಟ್ಟೇ ಬೇಕು, ಅದಕ್ಕ ಈ ಲೆದರ್ ಜೋಡಿ ತಗೊಂಡೆ. ಒಳಗಿನ ಲೇಬಲ್‌ನಾಗ ಇಎನ್ 13594 (ಬೈಕ್ ಗ್ಲೌಸಿಗೆ ಯುರೋಪಿನ ಸುರಕ್ಷತಾ ಮಾನದಂಡ), ಪಕ್ಕಕ್ಕ 1 ಕೆಪಿ ಅಂತ ಐತಿ, 1 ಅಂದ್ರ ಮೊದಲ ಮಟ್ಟ, ಕೆಪಿ ಇದ್ರೆ ಗೆಣ್ಣಿನ ಗಾರ್ಡ್ ಟೆಸ್ಟ್ ಪಾಸಾಗೇತಿ ಅಂತ. ಇದಿಲ್ದೆ ಬರೀ ಕಾರ್ಬನ್ ಥರ ಹೊಳಿಯೋ ಪ್ಲಾಸ್ಟಿಕ್ ನೋಡಿ ರೊಕ್ಕ ಕೊಡಬ್ಯಾಡ್ರಿ.

ನನಗ ಭಾಳ ಸೇರಿದ್ದು ಅಂಗೈ ಬುಡದಾಗಿನ ಸ್ಲೈಡರ್, ಅಂದ್ರ ನೆಲದ ಮ್ಯಾಲೆ ಜಾರೋ ಗಟ್ಟಿ ತುಂಡು, ಬೀಳೋವಾಗ ಮೊದ್ಲು ಕೈನೇ ಊರತೀವಲ್ಲ, ಲೆದರ್ ಡಾಂಬರಿಗೆ ಕಚ್ಕೊಂಡ್ರೆ ಮಣಿಕಟ್ಟು ತಿರುವತೈತಿ, ಇದು ಇದ್ರೆ ಕೈ ಜಾರಿ ಹೋಗತೈತಿ. ಕಿರುಬೆರಳನ್ನ ಪಕ್ಕದ ಬೆರಳಿಗೆ ಸೇರ್ಸಿ ಹೊಲಿದಾರ, ಒಂದೇ ಸಿಕ್ಕಿ ಮುರೀಬಾರದು ಅಂತ.

ಬೆರಳು ಮೊದ್ಲೇ ಬಾಗಿಸಿದ್ದಕ್ಕ ಬ್ರೇಕ್ ಲಿವರ್ ಹಿಡಿಯಾಕ ತ್ರಾಸಿಲ್ಲ, ಆದ್ರ ಹೆಬ್ಬೆರಳ ಸಂದಿ ಹೊಲಿಗೆ ಚುಚ್ಚತೈತಿ, ಈ ರೇಟಿಗೆ ಇದು ಆಗಬಾರದಿತ್ತು. ಸೈಜ್ ನೋಡೋವಾಗ ಕೈ ಚಾಚಿ ನೋಡಬ್ಯಾಡ್ರಿ, ಹ್ಯಾಂಡಲ್ ಹಿಡಿದು ನೋಡ್ರಿ, ಅಂಗೈಯಾಗ ಲೆದರ್ ಮುದ್ದೆ ಆದ್ರೆ ವಾಪಸ್ ಕೊಡ್ರಿ. ಮೇ ತಿಂಗಳಾಗ ಹೊಸಪೇಟೆ ರೋಡಿಗೆ ಇದನ್ನ ಹಾಕ್ಕೊಂಡ್ರೆ ಕೈ ಬೆಂದು ಹೋಗ್ತಾವ, ಊರಾಗ ಅಡ್ಡಾಡಾಕ ಗಾಳಿ ಆಡೋ ಮೆಶ್ (ಜಾಳಿಗಿ ಬಟ್ಟೆ) ಜೋಡಿ ಬ್ಯಾರೆನೇ ಇಟ್ಟೀನಿ.