ಪ್ರಿನ್ಸೆಪ್ ಬರೆದ ಪಂಚಗಂಗಾ ಘಾಟ್: ಕಲ್ಲಚ್ಚಿನ ಚಿತ್ರವೊಂದರ ಮರುಮುದ್ರಣ

ಕಾಶಿಯ ಪಂಚಗಂಗಾ ಘಾಟಿನ ಮೇಲಿರುವ ಔರಂಗಜೇಬನ ಕಾಲದ ಮಸೀದಿಯನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಚಿತ್ರಿಸಿದ್ದಾನೆ. ಆ ಕಲ್ಲಚ್ಚಿನ (ಲಿಥೋಗ್ರಾಫ್) ಚಿತ್ರದ ಮರುಮುದ್ರಣವನ್ನು, ಹಳೆಯ ಚಿತ್ರಗಳ ಪ್ರತಿಗಳನ್ನು ಮಾರುವ ಆನ್‌ಲೈನ್ ಮಳಿಗೆಯೊಂದರಿಂದ ಚೌಕಟ್ಟು ಸಹಿತ ತರಿಸಿಕೊಂಡೆ. ಮುದ್ರಣದ ಬಗ್ಗೆ ದೂರಿಲ್ಲ. ಆದರೆ ಚೌಕಟ್ಟು ಹಾಕಿದವರಿಗೆ ಈ ಚಿತ್ರದಲ್ಲಿ ಯಾವುದು ಮುಖ್ಯವೆಂಬುದು ಹೊಳೆದಂತಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಗೆರೆಗಳು ಎಲ್ಲಿಯೂ ಒಡೆದಿಲ್ಲ; ನೆರಳಿನ ಭಾಗಗಳು ಮಸಿ ಬಳಿದಂತೆ ಕಪ್ಪಾಗದೆ, ಕಲ್ಲಚ್ಚಿಗೆ ಸಹಜವಾದ ಸಣ್ಣ ಕಾಳುಕಾಳಿನ ಬೂದುಬಣ್ಣವನ್ನು ಉಳಿಸಿಕೊಂಡಿವೆ. ಪ್ರಿನ್ಸೆಪ್‌ನ ಚಿತ್ರಕ್ಕೆ ಈ ಸ್ಪಷ್ಟತೆ ಅಗತ್ಯ. 1781ರಲ್ಲಿ ಕಾಶಿಗೆ ಬಂದ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹಾಜಸ್ ಆಗಲಿ, ಕೆಲವು ವರ್ಷಗಳ ನಂತರ ಬಂದ ಡೇನಿಯಲ್ ದ್ವಯರಾಗಲಿ (ಥಾಮಸ್ ಮತ್ತು ವಿಲಿಯಂ) ದಾರಿಹೋಕ ಕಲಾವಿದರು, ಪ್ರಿನ್ಸೆಪ್ ಹಾಗಲ್ಲ. ಅವನು 1820ರಿಂದ 1830ರವರೆಗೆ ಅಲ್ಲಿನ ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿದ್ದು, ಊರಿನ ನಕ್ಷೆ ತಯಾರಿಸಿ, ಇದೇ ಮಸೀದಿಯ ಮಿನಾರುಗಳ ದುರಸ್ತಿಯನ್ನೂ ಮಾಡಿಸಿದವನು. ಮುಂದೆ ಬ್ರಾಹ್ಮೀ ಲಿಪಿಯನ್ನು ಓದಿದ ಪ್ರಿನ್ಸೆಪ್ ಇವನೇ ಎಂಬುದನ್ನು ನೆನೆದರೆ, ಆ ಕೈ ಯಾವ ಗೆರೆಯನ್ನೂ ಸುಮ್ಮನೆ ಎಳೆದಿರಲಾರದು ಎನಿಸುತ್ತದೆ.

ಇನ್ನು ಕೊರತೆ. ಮಳಿಗೆಯವರು ತಮ್ಮ ಚೌಕಟ್ಟಿಗೆ ಹೊಂದಿಸಲು ಚಿತ್ರದ ಕೆಳಭಾಗವನ್ನು ಕತ್ತರಿಸಿದ್ದಾರೆ. ಗಂಗೆಯಿಂದ ಮೆಟ್ಟಿಲು, ಮೆಟ್ಟಿಲಿನಿಂದ ಗೋಡೆ, ಗೋಡೆಯಿಂದ ಮಿನಾರು ಎಂದು ಕಣ್ಣು ಏರುತ್ತಾ ಹೋದಾಗಲೇ ಆ ಎತ್ತರ ಅರಿವಿಗೆ ಬರುವುದು. ನೀರನ್ನೇ ಮೊಟಕುಗೊಳಿಸಿದ ಮೇಲೆ ಅದು ಯಾವುದೋ ಊರಿನ ಮಸೀದಿಯಂತೆ ಕಾಣುತ್ತದೆ. ನೀರಿನ ಜೊತೆಗೆ ಚಿತ್ರದ ಅಡಿಬರಹವೂ ಹೋಗಿದೆ. ಪ್ರಿನ್ಸೆಪ್ ಇದನ್ನು 'ಮಾಧೋರಾಯ್ ಘಾಟ್' ಎಂದು ಕರೆದಿದ್ದ; ಮಾಧೋರಾಯ್ ಎಂದರೆ ಬಿಂದುಮಾಧವ. 1660ರ ದಶಕದಲ್ಲಿ ಫ್ರೆಂಚ್ ವಜ್ರವ್ಯಾಪಾರಿ ಟವರ್ನಿಯೆ ಇಲ್ಲಿ ಕಂಡು ವರ್ಣಿಸಿದ್ದು ಬಿಂದುಮಾಧವ ದೇವಾಲಯವನ್ನು. ಅದನ್ನು ಕೆಡವಿದ ಮೇಲೆ ಎದ್ದ ಮಸೀದಿಯ ಚಿತ್ರದಲ್ಲಿ ಆ ದೇವರ ಹೆಸರು ಉಳಿದಿದ್ದದ್ದು ಅಡಿಬರಹದಲ್ಲಿ ಮಾತ್ರ. (ಕಾಶಿಯಾತ್ರೆ ಮಾಡಿದ ನಮ್ಮ ಕಡೆಯ ಹಿರಿಯರಿಗೆ ಪಂಚತೀರ್ಥಗಳಲ್ಲೊಂದಾದ ಪಂಚಗಂಗೆಯೂ, ಮಸೀದಿಯ ಸಮೀಪದಲ್ಲೇ ಈಗಿರುವ ಬಿಂದುಮಾಧವನ ಗುಡಿಯೂ ಪರಿಚಿತ.)

ಜೊತೆಗೆ ಬಂದ ವಿವರಣೆಯ ಚೀಟಿಯಂತೂ ಕಟ್ಟಡ ಇಂದಿಗೂ ಚಿತ್ರದಲ್ಲಿರುವಂತೆಯೇ ಇದೆ ಎನ್ನುತ್ತದೆ. ವಾಸ್ತವದಲ್ಲಿ ಒಂದು ಮಿನಾರು 1948ರಲ್ಲಿ ಕುಸಿಯಿತು. ಇನ್ನೊಂದನ್ನು ಸುರಕ್ಷತೆಯ ದೃಷ್ಟಿಯಿಂದ ಆಮೇಲೆ ಇಳಿಸಲಾಯಿತು. ಈ ಚಿತ್ರವನ್ನು ನಂಬಿ ದೋಣಿ ಹತ್ತುವವರು ಮಿನಾರುಗಳನ್ನು ಹುಡುಕುತ್ತಲೇ ಇರಬೇಕಾದೀತು.

ಇದೇ ಮಳಿಗೆಯಲ್ಲಿ ಚೌಕಟ್ಟಿಲ್ಲದ, ಅಂಚು ಕತ್ತರಿಸದ ಹಾಳೆಯೂ ಕಡಿಮೆ ಬೆಲೆಗೆ ದೊರೆಯುತ್ತದೆ. ಅದನ್ನೇ ಕೊಂಡು, ನಿಮ್ಮೂರಿನ ಫೋಟೋ ಕಟ್ಟು ಹಾಕುವವರಿಗೆ ಕೊಟ್ಟು, ಅಡಿಬರಹ ಮರೆಯಾಗದಂತೆ ಹಾಕಿಸಿಕೊಳ್ಳುವುದು ಲೇಸು.