ಡೊಮೇನ್ ಮಾರುವವರೇ, ಕೋಡ್ ಕೊಡುವ ಮುನ್ನ ಇದನ್ನೊಮ್ಮೆ ಓದಿ

ನಾಲ್ಕು ತಿಂಗಳ ಹಿಂದೆ ನನ್ನದೊಂದು ಡೊಮೇನ್, ಅಂದರೆ ಜಾಲತಾಣದ ವಿಳಾಸದ ಹೆಸರು, ಮಾರಲು ಹೊರಟೆ. ಡೊಮೇನ್ ಹೋಯಿತು, ಹಣ ಬರಲಿಲ್ಲ. ಅದರ ಹಿಂದೆಯೇ ನನ್ನ ಅಕ್ಕನ ಎರಡು ಖಾತೆಗಳೂ ಹೋದವು. ಡೊಮೇನ್ ಮಾರಿದ್ದಕ್ಕೂ ಅಕ್ಕನ ಖಾತೆಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಈಗ ಯಾರಾದರೂ ನಿಮ್ಮ ಡೊಮೇನ್ ಕೇಳಿ ಮೇಲ್ ಹಾಕಿದ್ದರೆ, ಉತ್ತರ ಕಳಿಸುವುದನ್ನು ಒಂದು ಗಂಟೆ ತಡಮಾಡಿ ಇದನ್ನು ಓದಿ ಮುಗಿಸಿ.

ಅದೊಂದು ಡಾಟ್ ಕಾಮ್ ಹೆಸರು. ಆರು ಅಕ್ಷರದ, ಉಚ್ಚರಿಸಲು ಸುಲಭವಾದ ಪದ. 12 ವರ್ಷದ ಹಿಂದೆ ಅಕ್ಕನ ಚಿತ್ರಗಳಿಗೊಂದು ಜಾಲತಾಣ ಮಾಡೋಣವೆಂದು ನಾನೇ ನೋಂದಾಯಿಸಿದ್ದೆ. ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಅದರ ಹೆಸರಿನಲ್ಲೇ ಇಬ್ಬರಿಗೂ ಇಮೇಲ್ ವಿಳಾಸ ಇತ್ತು. ಆಮೇಲೆ ತಾಣ ನಿಂತಿತು, ಮೇಲ್ ನಿಂತಿತು. ಹೆಸರನ್ನು ಬಿಡಲು ಮನಸ್ಸಾಗದೆ ವರ್ಷವರ್ಷವೂ ನವೀಕರಿಸುತ್ತಾ ಬಂದೆ.

ಮೊದಲ ಮೇಲ್ ಎರಡೇ ಸಾಲಿನದು. ಹೆಸರು ಮಾರುವ ಯೋಚನೆ ಇದೆಯೇ, ಇದ್ದರೆ ನಿಮ್ಮ ನಿರೀಕ್ಷೆ ಏನು ಎಂದು ಕೇಳಿದ್ದರು. ನಾನು ಒಂದು ಪುಟ ಬರೆದೆ. ತಾಣ ಯಾಕೆ ನಿಂತಿತು, ಮೇಲ್ ಬಳಸಿ ಎಷ್ಟು ವರ್ಷವಾಯಿತು, ಅಕ್ಕನಿಗೆ ಆ ಹೆಸರಿನ ಮೇಲೆ ಎಷ್ಟು ಪ್ರೀತಿ, ಎಲ್ಲ ಹೇಳಿಕೊಂಡೆ. ಕೊಳ್ಳುವವರಿಗೆ ಇದ್ಯಾವುದೂ ಬೇಕಿರಲಿಲ್ಲ. ಆದರೆ ಮೋಸ ಮಾಡಲು ಬಂದವನಿಗೆ ಇದೆಲ್ಲ ಬೇಕಾಗಿತ್ತು: ಈ ಡೊಮೇನಿನ ಮೇಲ್ ಪೆಟ್ಟಿಗೆಯನ್ನು ಈಗ ಯಾರೂ ನೋಡುತ್ತಿಲ್ಲ ಎಂಬುದನ್ನು ನಾನೇ ಬರೆದುಕೊಟ್ಟಿದ್ದೆ.

ಆಮೇಲೆ ಚೌಕಾಸಿ ಶುರುವಾಯಿತು. ನಿಜವಾದ ಚೌಕಾಸಿ. ಮೋಸಗಾರ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ, ಅದೇ ಅವನ ಗುರುತು ಎಂದು ನಾನು ನಂಬಿದ್ದೆ. ಈತ ಹಾಗಲ್ಲ. ನಾನು ಹೇಳಿದ್ದರ ಅರ್ಧಕ್ಕೆ ಕೇಳಿದ. ನಾನು ಇಳಿಯಲಿಲ್ಲ. ಎರಡು ದಿನ ಸುಮ್ಮನಿದ್ದು ಸ್ವಲ್ಪ ಏರಿದ. ನಾನೂ ಸ್ವಲ್ಪ ಇಳಿದೆ. ಹೀಗೆ ಆರು ಮೇಲ್ ಆದ ಮೇಲೆ ನಾನು ಮೊದಲು ಹೇಳಿದ್ದರ ಶೇಕಡ 80ಕ್ಕೆ ಒಪ್ಪಂದವಾಯಿತು. ಇಷ್ಟು ಕಷ್ಟಪಟ್ಟು ಇಳಿಸಿದವನು ಹಣ ಕೊಡುವವನೇ ಇರಬೇಕು ಎಂದು ಮನಸ್ಸು ತೀರ್ಮಾನ ಮಾಡಿಬಿಟ್ಟಿತು.

ಇನ್ನೊಂದು ಸಂಗತಿ ಆ ನಂಬಿಕೆಯನ್ನು ಗಟ್ಟಿ ಮಾಡಿತು. ನಡುವೆ ಒಮ್ಮೆ ಆತ, ಮೌಲ್ಯಮಾಪನದ ಪ್ರಮಾಣಪತ್ರ ಇದೆಯೇ ಎಂದು ಕೇಳಿದ. ಇದು ಬಹಳ ಹಳೆಯ ವಂಚನೆ: ದೊಡ್ಡ ಮೊತ್ತ ಕೊಡುತ್ತೇನೆಂದು ಆಸೆ ಹುಟ್ಟಿಸಿ, ನಿಮ್ಮ ಡೊಮೇನಿಗೆ ಇಂಥ ಕಡೆಯಿಂದಲೇ ಮೌಲ್ಯಮಾಪನ ಮಾಡಿಸಿ ತನ್ನಿ ಎನ್ನುತ್ತಾರೆ, ಆ ಮೌಲ್ಯಮಾಪನದ ತಾಣವೂ ಅವರದ್ದೇ, ಅದರ ಶುಲ್ಕ ಕಟ್ಟಿದ ಮೇಲೆ ಕೊಳ್ಳುವವನ ಸುಳಿವೇ ಇರುವುದಿಲ್ಲ. ನನಗೆ ಇದು ಗೊತ್ತಿತ್ತು. ಇಲ್ಲ, ಮಾಡಿಸುವುದೂ ಇಲ್ಲ ಎಂದು ಖಡಾಖಂಡಿತವಾಗಿ ಬರೆದೆ. ಪರವಾಗಿಲ್ಲ, ಅದಿಲ್ಲದೆಯೂ ಆಗುತ್ತದೆ ಎಂದ. ನಾನು ಪರೀಕ್ಷೆ ಇಟ್ಟೆ, ಆತ ಪಾಸಾದ ಎಂದುಕೊಂಡೆ. ಒಂದು ಬಲೆಯನ್ನು ಗುರುತಿಸಿದ ಖುಷಿಯಲ್ಲಿ ಮುಂದಿನದ್ದನ್ನು ನೋಡುವ ಎಚ್ಚರ ಹೋಯಿತು.

ಮೂರು ವಾರ ನಾನು ಒಂದೇ ವಿಷಯದ ಬಗ್ಗೆ ಮಾತಾಡಿದ್ದೆ, ಬೆಲೆ. ಯಾರು ಮೊದಲು ಏನು ಕೊಡಬೇಕು, ಅದು ತಲುಪಿತೆಂದು ಯಾರು ಹೇಳಬೇಕು, ಮಧ್ಯವರ್ತಿ ಯಾರು, ಇದರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಅದನ್ನೆಲ್ಲ ಆತನೇ ಹೇಳಿದ, ನಾನು ಒಪ್ಪಿದೆ. ಬೆಲೆಯಲ್ಲಿ ಶೇಕಡ 20 ಬಿಟ್ಟುಕೊಡಲು ಅಷ್ಟು ಜಗಳವಾಡಿದ ನಾನು, ವಹಿವಾಟಿನ ಕ್ರಮವನ್ನು ಪೂರ್ತಿಯಾಗಿ ಅವನ ಕೈಗೆ ಬಿಟ್ಟೆ. ಈಗ ಹಿಂತಿರುಗಿ ನೋಡಿದರೆ ಚೌಕಾಸಿ ಆಗಬೇಕಿದ್ದದ್ದು ಅಲ್ಲಿ.

ಆತ ಹೇಳಿದ್ದು ಎಸ್ಕ್ರೋ ಮೂಲಕ ಮಾಡೋಣ ಎಂದು. ಎಸ್ಕ್ರೋ ಎಂದರೆ ಮೂರನೆಯವರ ಬಳಿ ಹಣ ಇಡುವ ವ್ಯವಸ್ಥೆ. ಕೊಳ್ಳುವವರು ಮೊದಲು ಅಲ್ಲಿ ಹಣ ಕಟ್ಟುತ್ತಾರೆ, ಹಣ ಬಂತೆಂದು ಎಸ್ಕ್ರೋದವರು ತಿಳಿಸಿದ ಮೇಲೆ ಮಾರುವವರು ಡೊಮೇನ್ ವರ್ಗಾಯಿಸುತ್ತಾರೆ, ಅದು ಕೈಸೇರಿತೆಂದು ಕೊಳ್ಳುವವರು ಒಪ್ಪಿದ ಮೇಲೆ ಹಣ ಮಾರುವವರಿಗೆ ಬಿಡುಗಡೆಯಾಗುತ್ತದೆ. ಇದು ಒಳ್ಳೆಯ ಪದ್ಧತಿ, ಈಗಲೂ ನಾನು ಇದನ್ನೇ ಹೇಳುತ್ತೇನೆ. ಆದರೆ ಆ ಎಸ್ಕ್ರೋ ತಾಣದ ಕೊಂಡಿ ಕಳಿಸಿದ್ದು ಕೊಳ್ಳುವವನು. ನಾನು ಆ ಕೊಂಡಿ ಒತ್ತಿ ಖಾತೆ ತೆರೆದೆ. ನೋಡಲು ಅಚ್ಚುಕಟ್ಟಾದ ತಾಣ, ವಹಿವಾಟಿಗೊಂದು ಸಂಖ್ಯೆ, ಹಂತಹಂತವಾಗಿ ಹಸಿರಾಗುವ ಪಟ್ಟಿ. ಮರುದಿನ ಸಂಜೆ ‘ಹಣ ಜಮೆಯಾಗಿದೆ, ಡೊಮೇನ್ ವರ್ಗಾಯಿಸಿ’ ಎಂಬ ಮೇಲ್ ಬಂತು.

ಆ ತಾಣ ಸುಳ್ಳು. ಹೆಸರುವಾಸಿಯಾದ ಒಂದು ಎಸ್ಕ್ರೋ ಸೇವೆಯ ಹೆಸರನ್ನೇ ಹೋಲುವ, ನಡುವೆ ಒಂದು ಅಡ್ಡಗೆರೆ ಹೆಚ್ಚಿರುವ ವಿಳಾಸ. ಎಲ್ಲ ಮುಗಿದ ಮೇಲೆ ಅದರ ನೋಂದಣಿ ವಿವರ ತೆಗೆದು ನೋಡಿದೆ. ನನಗೆ ಮೊದಲ ಮೇಲ್ ಬರುವ 19 ದಿನ ಮೊದಲು ಅದು ಹುಟ್ಟಿತ್ತು. ಯಾವ ಡೊಮೇನ್ ಯಾವತ್ತು ನೋಂದಣಿಯಾಯಿತು ಎಂಬುದನ್ನು ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ತಾಣದ ಹುಡುಕಾಟದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮಾಲೀಕರ ಹೆಸರು 2018ರ ನಂತರ ಬಹುತೇಕ ಮರೆಯಾಗಿರುತ್ತದೆ, ಆದರೆ ಹುಟ್ಟಿದ ದಿನಾಂಕ ಕಾಣುತ್ತದೆ. ಒಂದು ನಿಮಿಷದ ಕೆಲಸ. 12 ವರ್ಷ ಡೊಮೇನ್ ಇಟ್ಟುಕೊಂಡವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಆ ಸಂಜೆ ಹೊಳೆಯಲಿಲ್ಲ.

ಇಲ್ಲಿಂದ ಮುಂದಿನದ್ದನ್ನು ನಿಧಾನವಾಗಿ ಓದಿ. ರಿಜಿಸ್ಟ್ರಾರ್ ಎಂದರೆ ಡೊಮೇನ್ ನೋಂದಾಯಿಸಿಕೊಡುವ ಕಂಪನಿ. ಡೊಮೇನನ್ನು ಒಂದು ರಿಜಿಸ್ಟ್ರಾರ್‌ನಿಂದ ಇನ್ನೊಂದಕ್ಕೆ ಒಯ್ಯಲು ಎರಡು ಬೀಗ ತೆರೆಯಬೇಕು. ಒಂದು ಟ್ರಾನ್ಸ್‌ಫರ್ ಲಾಕ್, ಅದನ್ನು ನಿಮ್ಮ ಖಾತೆಯಲ್ಲಿ ನೀವೇ ತೆಗೆಯಬೇಕು. ಇನ್ನೊಂದು ಆಥ್ ಕೋಡ್, ಅಂದರೆ ಆ ಡೊಮೇನಿನ ಗುಪ್ತಪದ. ಕೋಡ್ ಯಾರ ಕೈಯಲ್ಲಿದೆಯೋ ಅವರು ಹೊಸ ಕಡೆ ಅರ್ಜಿ ಹಾಕಬಹುದು. ನಾನು ಎರಡನ್ನೂ ಹತ್ತು ನಿಮಿಷದಲ್ಲಿ ಮಾಡಿದೆ. ಇಷ್ಟಾದ ಮೇಲೂ ಒಂದು ಅವಕಾಶ ಉಳಿದಿತ್ತು. ಅರ್ಜಿ ಬಿದ್ದ ಮೇಲೆ ಹಳೆಯ ರಿಜಿಸ್ಟ್ರಾರ್ ನಿಮಗೊಂದು ಮೇಲ್ ಕಳಿಸುತ್ತಾರೆ. ನೀವು ತಿರಸ್ಕರಿಸಿದರೆ ವರ್ಗಾವಣೆ ನಿಲ್ಲುತ್ತದೆ. ಏನೂ ಮಾಡದಿದ್ದರೆ 5 ದಿನ ಕಾದು ತಾನಾಗಿ ಆಗುತ್ತದೆ. ಒಪ್ಪಿಗೆ ಒತ್ತಿದರೆ ಕಾಯುವುದೇ ಇಲ್ಲ. ಕೊಳ್ಳುವವನ ಮೇಲ್ ಕೂಡಲೇ ಬಂತು: ‘ದಯವಿಟ್ಟು ಒಪ್ಪಿಗೆ ಒತ್ತಿ, ನಿಮ್ಮ ಹಣವೂ ಬೇಗ ಬಿಡುಗಡೆಯಾಗುತ್ತದೆ.’ ಒತ್ತಿದೆ. ಐದು ದಿನ ಬಿಟ್ಟಿದ್ದರೆ ಮೂರನೆಯ ದಿನಕ್ಕೇ ನನಗೆ ಅನುಮಾನ ಬಂದಿರುತ್ತಿತ್ತು, ಏಕೆಂದರೆ ಮೂರನೆಯ ದಿನಕ್ಕೆ ಆ ಎಸ್ಕ್ರೋ ತಾಣವೇ ತೆರೆಯಲಿಲ್ಲ.

ಹಣ ಹೋದ ಸಂಕಟದಲ್ಲಿದ್ದಾಗಲೇ ಅಕ್ಕನ ಫೋನ್ ಬಂತು. ‘ನೀನೇನಾದ್ರೂ ನನ್ನ ಪಾಸ್‌ವರ್ಡ್ ಬದಲಾಯಿಸಿದ್ಯಾ?’

ಡೊಮೇನ್ ಯಾರದ್ದೋ ಅದರ ಮೇಲ್ ಅವರದ್ದು. ಹೊಸ ಮಾಲೀಕ, ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ತನ್ನ ಸರ್ವರ್ ಕಡೆ ತಿರುಗಿಸಿ, ಆ ಹೆಸರಿಗೆ ಬರುವ ಯಾವ ವಿಳಾಸದ ಮೇಲ್ ಆದರೂ ಒಂದೇ ಪೆಟ್ಟಿಗೆಗೆ ಬೀಳುವಂತೆ ಮಾಡಿದರೆ ಸಾಕು. ನಾವು ಬಿಟ್ಟು ಎಂಟು ವರ್ಷವಾಗಿದ್ದರೂ ಯಾವ್ಯಾವುದೋ ಸೇವೆಗಳು ಅಕ್ಕನ ಹಳೆಯ ವಿಳಾಸಕ್ಕೆ ಸೂಚನೆಗಳನ್ನು ಕಳಿಸುತ್ತಲೇ ಇದ್ದವು. ಆ ಸೂಚನೆಗಳನ್ನು ನೋಡಿದರೆ ಅವಳ ಖಾತೆ ಎಲ್ಲೆಲ್ಲಿದೆ ಎಂದು ತಿಳಿಯುತ್ತದೆ. ಅಲ್ಲಿಗೆ ಹೋಗಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಹೊಸ ಪಾಸ್‌ವರ್ಡಿನ ಕೊಂಡಿ ನೇರ ಅವನ ಕೈಗೆ. ಅವಳ ಫೋಟೋ ಸಂಗ್ರಹ ಹಾಗೂ ಚಿತ್ರ ಮಾರುತ್ತಿದ್ದ ಖಾತೆ ಹೀಗೆ ಹೋದವು. ಚಿತ್ರದ ಖಾತೆಯನ್ನು ಎರಡು ವಾರದಲ್ಲಿ ಮರಳಿ ಪಡೆದಳು. ಫೋಟೋಗಳು ಇನ್ನೂ ಸಿಕ್ಕಿಲ್ಲ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅವಳ ಮಗಳು ಹುಟ್ಟಿದ ವರ್ಷದ ಚಿತ್ರಗಳು ಅದರಲ್ಲಿದ್ದವು, ಅದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಇದು ಪ್ರಾಮಾಣಿಕ ವ್ಯಾಪಾರದಲ್ಲೂ ಆಗಬಹುದಾದದ್ದು. ಕೊಂಡವರು ಒಳ್ಳೆಯವರೇ ಆಗಿದ್ದು, ಅವರು ನಾಳೆ ಇನ್ನೊಬ್ಬರಿಗೆ ಮಾರಬಹುದು. ಹಾಗಾಗಿ ಮಾರುವ ಮಾತು ಶುರುವಾಗುವ ಮೊದಲೇ ಆ ಡೊಮೇನಿನ ಹೆಸರು ಹಾಕಿ ನಿಮ್ಮ ಮೇಲ್‌ಗಳನ್ನೂ ಪಾಸ್‌ವರ್ಡ್ ಪಟ್ಟಿಯನ್ನೂ ಹುಡುಕಿ. ಅದು ಎಲ್ಲೆಲ್ಲಿ ಲಾಗಿನ್ ವಿಳಾಸವಾಗಿದೆಯೋ, ಎಲ್ಲೆಲ್ಲಿ ಖಾತೆ ಮರಳಿ ಪಡೆಯುವ ವಿಳಾಸವಾಗಿದೆಯೋ ಅಲ್ಲೆಲ್ಲ ಬದಲಿಸಿ. ನಿಮ್ಮ ಡೊಮೇನಿನಲ್ಲಿ ವಿಳಾಸ ಹೊಂದಿದ್ದ ಬೇರೆಯವರಿಗೂ ಹೇಳಿ. ನಾನು ಅಕ್ಕನಿಗೆ ‘ಡೊಮೇನ್ ಮಾರ್ತಿದೀನಿ’ ಎಂದಷ್ಟೇ ಹೇಳಿದ್ದೆ.

ರಿಜಿಸ್ಟ್ರಾರ್‌ಗೆ ದೂರು ಕೊಟ್ಟಾಗ ಬಂದ ಉತ್ತರ ನನ್ನನ್ನು ಪೂರ್ತಿ ಕುಗ್ಗಿಸಿತು. ನನ್ನ ಖಾತೆಯಿಂದಲೇ ಲಾಕ್ ತೆಗೆದಿದೆ, ನಾನೇ ಕೋಡ್ ಕೊಟ್ಟಿದ್ದೇನೆ, ಒಪ್ಪಿಗೆಯೂ ನನ್ನದೇ. ಅವರ ಲೆಕ್ಕದಲ್ಲಿ ಇದು ಡೊಮೇನ್ ಕಳ್ಳತನವಲ್ಲ, ಮಾರಿದವರಿಗೂ ಕೊಂಡವರಿಗೂ ನಡುವಿನ ಹಣದ ತಕರಾರು. ಯಾರೋ ನನ್ನ ಖಾತೆಗೆ ನುಗ್ಗಿ ಒಯ್ದಿದ್ದರೆ ವಾದಕ್ಕೆ ಬೇರೆ ಬಲವಿರುತ್ತಿತ್ತು. ಐಕ್ಯಾನ್ 1999ರಲ್ಲಿ ತಂದ ಯುಡಿಆರ್‌ಪಿ ಎಂಬ ವಿವಾದ ನೀತಿಯನ್ನೂ ಓದಿದೆ. ಅದರ ಬಾಗಿಲು ತೆರೆಯುವುದು ಟ್ರೇಡ್‌ಮಾರ್ಕ್ ಹಕ್ಕು ತೋರಿಸಬಲ್ಲವರಿಗೆ. ನಮ್ಮ ಬಳಿ ಅದಿರಲಿಲ್ಲ.

ಉಳಿದದ್ದು ನ್ಯಾಯಾಲಯ. ಸೆಕ್ಸ್ ಡಾಟ್ ಕಾಮ್ ಪ್ರಕರಣವನ್ನು ಆಗಲೇ ಪೂರ್ತಿ ಓದಿದ್ದು. ಗ್ಯಾರಿ ಕ್ರೆಮೆನ್ ಎಂಬವರು 1994ರಲ್ಲಿ ನೋಂದಾಯಿಸಿದ ಹೆಸರನ್ನು 1995ರಲ್ಲಿ ಸ್ಟೀಫನ್ ಕೋಹೆನ್ ಒಂದು ಖೋಟಾ ಪತ್ರದ ಬಲದಿಂದ ತನ್ನದಾಗಿಸಿಕೊಂಡ. ಅದು ಕ್ರೆಮೆನ್ ಕೈಗೆ ಮರಳಿದ್ದು 2000ದಲ್ಲಿ. ಡೊಮೇನ್ ಕೂಡ ಒಂದು ಆಸ್ತಿ, ಅದನ್ನು ಕಬಳಿಸಿದರೆ ಹೊಣೆ ಹೊರಬೇಕು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2003ರಲ್ಲಿ. ಪತ್ರವೇ ಖೋಟಾ ಎಂದಿದ್ದಾಗಲೂ ಹೆಸರು ಮರಳಲು ಐದು ವರ್ಷ ಬೇಕಾಯಿತು. ನನ್ನ ಪ್ರಕರಣದಲ್ಲಿ ಎದುರಾಳಿಯ ಹೆಸರೂ ಗೊತ್ತಿಲ್ಲ. ಪೊಲೀಸ್ ದೂರು ಕೊಟ್ಟಿದ್ದೇನೆ, ಹೊಸ ರಿಜಿಸ್ಟ್ರಾರ್‌ಗೂ ಎಲ್ಲ ಮೇಲ್‌ಗಳ ಪ್ರತಿ ಕಳಿಸಿದ್ದೇನೆ. ಒಬ್ಬ ರಿಜಿಸ್ಟ್ರಾರ್‌ನಿಂದ ಬಂದ ಡೊಮೇನನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಬಿಡುವುದಿಲ್ಲ, ಆದ್ದರಿಂದ ಮೋಸ ಹೋದರೆ ಮೊದಲ ದಿನವೇ ಆ ಹೊಸ ರಿಜಿಸ್ಟ್ರಾರ್‌ನ ದೂರು ವಿಭಾಗಕ್ಕೆ ಬರೆಯಿರಿ. ನಾನು ಎಂಟು ದಿನ ಕೊಳ್ಳುವವನಿಗೇ ಬೇಡಿಕೊಳ್ಳುತ್ತಾ ಕಳೆದೆ.

ವಿವಾದ ನೀತಿ ಓದುವಾಗ ಕಂಡ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಇದು ನನಗಾದದ್ದಲ್ಲ. ಕೇಳಿ ಬಂದವರು ಅದೇ ಹೆಸರಿನ ಟ್ರೇಡ್‌ಮಾರ್ಕ್ ಇರುವವರಾಗಿದ್ದರೆ ನೀವು ಹೇಳುವ ಬೆಲೆಯೇ ನಿಮ್ಮ ವಿರುದ್ಧ ಸಾಕ್ಷಿಯಾಗಬಹುದು. ಟ್ರೇಡ್‌ಮಾರ್ಕ್ ಮಾಲೀಕರಿಗೇ ಹೆಚ್ಚಿನ ಹಣಕ್ಕೆ ಮಾರಲೆಂದು ನೋಂದಾಯಿಸಿದ್ದನ್ನು ಆ ನೀತಿ ದುರುದ್ದೇಶದ ಗುರುತೆಂದು ಎಣಿಸುತ್ತದೆ. ಇದರಡಿ ತೀರ್ಪಾದ ಮೊದಲ ಪ್ರಕರಣದಲ್ಲೇ ಹೀಗಾಯಿತು: 1999ರಲ್ಲಿ ಒಬ್ಬರು ವರ್ಲ್ಡ್ ರೆಸ್ಲಿಂಗ್ ಫೆಡರೇಶನ್ ಹೆಸರಿನ ಡೊಮೇನ್ ನೋಂದಾಯಿಸಿ ಮೂರೇ ದಿನಕ್ಕೆ ಆ ಸಂಸ್ಥೆಗೇ 1000 ಡಾಲರ್‌ಗೆ ಕೊಡುತ್ತೇನೆಂದು ಬರೆದರು. 2000ದ ಜನವರಿಯಲ್ಲಿ ಡೊಮೇನನ್ನು ಸಂಸ್ಥೆಗೆ ವರ್ಗಾಯಿಸುವಂತೆ ಆದೇಶವಾಯಿತು. ಹಾಗಾಗಿ ಬೆಲೆ ಹೇಳುವ ಮುನ್ನ ಕೇಳುತ್ತಿರುವವರು ಯಾರು ಎಂದು ತಿಳಿದುಕೊಳ್ಳಿ.

ನನ್ನ ಬಳಿ ಇನ್ನೆರಡು ಡೊಮೇನ್ ಇವೆ. ಮೊನ್ನೆ ಅದರಲ್ಲೊಂದನ್ನು ಕೇಳಿ ಮೇಲ್ ಬಂತು. ಬೆಲೆಯ ಬಗ್ಗೆ ಏನೂ ಬರೆಯಲಿಲ್ಲ. ನಾನು ಕಳಿಸಿದ್ದು ಇಷ್ಟು: ‘ಎಸ್ಕ್ರೋ ಸೇವೆಯನ್ನು ನಾನು ಆರಿಸುತ್ತೇನೆ, ವಹಿವಾಟನ್ನು ನಾನೇ ತೆರೆಯುತ್ತೇನೆ. ಅವರ ವಿಳಾಸವನ್ನು ನಾನೇ ಟೈಪ್ ಮಾಡಿ ಒಳಹೋಗಿ ಹಣ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಮಾತ್ರ ಲಾಕ್ ತೆಗೆಯುತ್ತೇನೆ. ಮೇಲ್‌ನಲ್ಲಿ ಬರುವ ಯಾವ ಕೊಂಡಿಯನ್ನೂ ಒತ್ತುವುದಿಲ್ಲ. ನನ್ನ ರಿಜಿಸ್ಟ್ರಾರ್‌ನಲ್ಲೇ ನೀವೂ ಖಾತೆ ತೆರೆದರೆ ಒಳಗೊಳಗೇ ವರ್ಗಾಯಿಸುತ್ತೇನೆ. ಇದಕ್ಕೆ ಒಪ್ಪಿದರೆ ಬೆಲೆ ಮಾತಾಡೋಣ.’ ಒಂದೇ ರಿಜಿಸ್ಟ್ರಾರ್ ಒಳಗೆ ಕೈಬದಲಾದರೆ, ತಕರಾರು ಬಂದಾಗ ಒಂದೇ ಕಂಪನಿಯ ಮುಂದೆ ನಿಂತು ಕೇಳಬಹುದು ಎಂಬುದು ಕೊನೆಯ ಷರತ್ತಿನ ಕಾರಣ. ಈ ಪಠ್ಯವನ್ನು ನಿಮಗೆ ಬೇಕಾದಂತೆ ತಿದ್ದಿ ಬಳಸಿಕೊಳ್ಳಿ.

ಹೋದ ಡೊಮೇನಿನ ದಾಖಲೆಯನ್ನು ವಾರಕ್ಕೊಮ್ಮೆ ನೋಡುತ್ತೇನೆ. ವರ್ಗಾವಣೆಯ ಜೊತೆ ಒಂದು ವರ್ಷ ಸೇರಿದ್ದರಿಂದ ಅವಧಿ ಸ್ವಲ್ಪ ಮುಂದೆ ಹೋಗಿದೆ. ಆತ ನವೀಕರಿಸದೆ ಬಿಟ್ಟರೆ, ಡಾಟ್ ಕಾಮ್ ಹೆಸರಿಗೆ ನವೀಕರಿಸಲು ಹೆಚ್ಚೆಂದರೆ 45 ದಿನದ ಹೆಚ್ಚುವರಿ ಸಮಯ, ಆಮೇಲೆ ಹಳೆಯ ಮಾಲೀಕ ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಅಳಿಸುವ ಮುನ್ನ 5 ದಿನದ ಕಾಯುವಿಕೆ, ಅಲ್ಲಿಗೆ ಹೆಸರು ಎಲ್ಲರಿಗೂ ಮುಕ್ತ. ನಡುವೆ ಹರಾಜಿಗೂ ಹೋಗಬಹುದು. ಆ ದಿನಾಂಕಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಅಕ್ಕನೂ ಬರೆದಿಟ್ಟುಕೊಂಡಿದ್ದಾಳೆ.